‘ಏಡನ್’ ಸಂಸ್ಕೃತದಿಂದ ಬಂದದ್ದಲ್ಲ, ಸೂರ್ಯದೇವನೂ ಅಲ್ಲ

ಹೊರದೇಶದಲ್ಲಿ ಹುಟ್ಟಿದ ಮೊಮ್ಮಕ್ಕಳ ಹೆಸರಿನ ವಿಚಾರವಾಗಿ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತಿದೆ. ಇನ್ನು ಮುಂದೆ ಅದಕ್ಕೆ ಬಿಡಿ ಉತ್ತರ ಬರೆಯುವ ಪ್ರಮೇಯ ಬಾರದಿರಲೆಂದು ಈ ಸಲದ ಬಹುಪಾಲು ಜಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಡಬ್ಲಿನ್‌ನಲ್ಲಿರುವ ನನ್ನ ಮಗಳು ತನ್ನ ಗಂಡುಮಗುವಿಗೆ ‘ಏಡನ್’ ಎಂದು ಹೆಸರಿಟ್ಟಿದ್ದಾಳೆ. ಇದು ಸಂಸ್ಕೃತದ ‘ಆದಾನ’ದಿಂದ ಬಂದದ್ದೆಂದು ಒಂದು ಜಾಲತಾಣವೂ, ಐರ್ಲೆಂಡ್ ಮುಂತಾದೆಡೆ ಹಿಂದೆ ನೆಲೆಸಿದ್ದ ಕೆಲ್ಟ್ ಜನರ ಸೂರ್ಯದೇವನ ಹೆಸರೆಂದು ಇನ್ನೊಂದೂ ಹೇಳುತ್ತವೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಬೇಡಿ. ಶಿಶುನಾಮಗಳ ಜಾಲತಾಣಗಳನ್ನು ನಡೆಸುವವರು ಒಬ್ಬರದನ್ನೊಬ್ಬರು ನಕಲು ಮಾಡುತ್ತಾರೆಯೇ ಹೊರತು ನಿಘಂಟನ್ನು ತೆರೆದು ನೋಡುವುದಿಲ್ಲ.

‘ಏಡನ್’ ಎಂಬುದು ಹಳೆಯ ಐರಿಷ್‌ನ ‘ಆಯ್ಡಾನ್’ ಎಂಬ ಹೆಸರಿನ ಇಂಗ್ಲಿಷ್ ರೂಪ. ಅದರ ಮೊದಲ ಭಾಗವಾದ ‘ಆಯ್ಡ್’ ಎಂದರೆ ಬೆಂಕಿ. ಕೊನೆಯ ‘ಆನ್’ ನಮ್ಮ ಪುಟ್ಟಸ್ವಾಮಿ, ಪುಟ್ಟರಾಜು ಮುಂತಾದ ಹೆಸರುಗಳಲ್ಲಿ ಬರುವ ‘ಪುಟ್ಟ’ನಂತೆ ಅಕ್ಕರೆಯನ್ನು ಸೂಚಿಸುವ ಪ್ರತ್ಯಯ. ಮಧ್ಯಕಾಲದ ಐರ್ಲೆಂಡಿನಲ್ಲಿ ‘ಆಯ್ಡ್’ ಎಂಬುದು ಅರಸರಿಂದ ಹಿಡಿದು ಸನ್ಯಾಸಿಗಳವರೆಗೆ ಎಲ್ಲರೂ ಇಟ್ಟುಕೊಳ್ಳುತ್ತಿದ್ದ ಹೆಸರಾಗಿತ್ತು. ಐರಿಷ್ ಕಥೆಗಳಲ್ಲಿ ಹಂಸಗಳಾಗಿ ಮಾರ್ಪಟ್ಟ ಲಿರ್‌ನ ಮಕ್ಕಳಲ್ಲಿ ಒಬ್ಬನಿಗೂ ಇದೇ ಹೆಸರಿದೆ. ಸೂರ್ಯದೇವನ ಮಾತು ಮಾತ್ರ ಬೆಂಕಿ ಎಂಬ ಅರ್ಥವನ್ನು ಹಿಡಿದುಕೊಂಡು ಯಾರೋ ಹೆಣೆದದ್ದು.

ಇನ್ನು ಸಂಸ್ಕೃತದ ವಿಚಾರ. ‘ಆದಾನ’ ಎಂದರೆ ತೆಗೆದುಕೊಳ್ಳುವುದು. ಅದಕ್ಕೂ ಬೆಂಕಿಗೂ ಯಾವ ಸಂಬಂಧವೂ ಇಲ್ಲ. ಆದರೆ ಸಂಸ್ಕೃತದಲ್ಲಿ ಈ ಹೆಸರಿಗೆ ನಿಜವಾದ ನಂಟೊಂದಿದೆ, ಮತ್ತು ಅದು ಈ ಕಟ್ಟುಕಥೆಗಳಿಗಿಂತ ಎಷ್ಟೋ ಸ್ವಾರಸ್ಯವಾಗಿದೆ. ಉರಿಸುವುದೆಂಬ ಅರ್ಥದ ‘ಇಂಧ್’ ಧಾತುವಿನಿಂದ ನಾವು ದಿನವೂ ಬಳಸುವ ‘ಇಂಧನ’ವೂ, ಹೋಮಕ್ಕೆ ಹಾಕುವ ‘ಸಮಿಧೆ’ಯೂ, ಸೌದೆ ಎಂಬ ಅರ್ಥದ ‘ಏಧಸ್’ ಕೂಡ ಹುಟ್ಟಿವೆ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದ 37ನೆಯ ಶ್ಲೋಕವು ‘ಯಥೈಧಾಂಸಿ ಸಮಿದ್ಧೋಽಗ್ನಿಃ’ ಎಂದು ಆರಂಭವಾಗುವುದನ್ನು ಬಲ್ಲವರಿಗೆ, ಈ ಧಾತುವಿನ ಎರಡು ರೂಪಗಳು ಅಲ್ಲಿ ಅಕ್ಕಪಕ್ಕದಲ್ಲೇ ಕಾಣಿಸುತ್ತವೆ. ಐರಿಷ್‌ನ ‘ಆಯ್ಡ್’, ಸುಡು ಎಂಬ ಅರ್ಥದ ಗ್ರೀಕ್ ‘ಐಥೋ’ ಮತ್ತು ನಮ್ಮ ‘ಏಧಸ್’ ಮೂರೂ, ಸಂಸ್ಕೃತಕ್ಕೂ ಯುರೋಪಿನ ಹಲವು ಭಾಷೆಗಳಿಗೂ ಮೂಲವಾದ ಇಂಡೋ-ಯುರೋಪಿಯನ್ ಮೂಲಭಾಷೆಯ ಒಂದೇ ಧಾತುವಿನಿಂದ ಬಂದ ಜ್ಞಾತಿಪದಗಳು. ಸಂಸ್ಕೃತದಲ್ಲಿ ಉಳಿದುಕೊಂಡ ಧಕಾರವು ಐರಿಷ್ ಸೇರಿದ ಕೆಲ್ಟಿಕ್ ಭಾಷೆಗಳಲ್ಲಿ ಮಹಾಪ್ರಾಣವನ್ನು ಕಳೆದುಕೊಳ್ಳುವುದು ನಿಯಮ. ನಮ್ಮ ‘ಮಧು’ವಿಗೆ ಹಳೆಯ ಐರಿಷ್‌ನಲ್ಲಿ ‘ಮಿಡ್’ ಎಂಬ ಜ್ಞಾತಿ ಇರುವುದೂ ಇದೇ ನಿಯಮದಿಂದ. ಜ್ಞಾತಿಯಾದ ಮಾತ್ರಕ್ಕೆ ಒಂದು ಇನ್ನೊಂದರಿಂದ ಹುಟ್ಟಿದಂತಾಗುವುದಿಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ. ಎಲ್ಲವೂ ಸಂಸ್ಕೃತದಿಂದಲೇ ಹೊರಟಿತೆಂದು ಭಾಷಣ ಮಾಡುವವರಿಗೆ ಈ ವ್ಯತ್ಯಾಸವನ್ನು ಎಷ್ಟು ಸಲ ಹೇಳಿದರೂ ನಾಟುವುದಿಲ್ಲ.

ಹೆಸರು ಐರ್ಲೆಂಡಿನ ಆಚೆಗೂ ಪ್ರಸಿದ್ಧವಾದದ್ದು ಸಂತ ಏಡನ್ನನಿಂದ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಅಯೋನಾ ಮಠದಿಂದ 635ರಲ್ಲಿ ಅವನು ಇಂಗ್ಲೆಂಡಿನ ಉತ್ತರಭಾಗದ ನಾರ್ಥಂಬ್ರಿಯಾ ರಾಜ್ಯಕ್ಕೆ ಬಂದು, ಲಿಂಡಿಸ್‌ಫಾರ್ನ್ ದ್ವೀಪದಲ್ಲಿ ಮಠವನ್ನು ಕಟ್ಟಿ, 651ರಲ್ಲಿ ತೀರಿಕೊಂಡ. ಅವನಿಗೆ ಇಂಗ್ಲಿಷರ ಮಾತು ಚೆನ್ನಾಗಿ ಬಾರದಿದ್ದುದರಿಂದ, ಅವನ ಉಪದೇಶವನ್ನು ಅಲ್ಲಿನ ರಾಜ ಓಸ್ವಾಲ್ಡನೇ ನಿಂತು ತನ್ನವರಿಗೆ ಅನುವಾದಿಸುತ್ತಿದ್ದನೆಂದೂ, ಮುಂದೆ ರಾಜ ಓಸ್ವಿನ್ ಕೊಟ್ಟ ಒಳ್ಳೆಯ ಕುದುರೆಯನ್ನು ಅವನು ದಾರಿಯಲ್ಲಿ ಸಿಕ್ಕ ಭಿಕ್ಷುಕನಿಗೆ ಜೀನಿನ ಸಮೇತ ಕೊಟ್ಟುಬಿಟ್ಟನೆಂದೂ ಬೀಡ್ ಎಂಬ ಸನ್ಯಾಸಿ ಬರೆದಿಟ್ಟಿದ್ದಾನೆ. ಹೆಸರಿಗೆ ಹಿನ್ನೆಲೆ ಬೇಕೆನ್ನುವವರಿಗೆ ಇದು ಸಾಲದೇ?

ಪ್ರಶ್ನೆ: ಈ ಹೆಸರು ಈಗ ತೀರಾ ಸಾಮಾನ್ಯವಾಗಿದೆಯೇ?

ಉತ್ತರ: ಅಮೆರಿಕದಲ್ಲಿ ಹೌದು. ಕೊನೆಯ ಸ್ವರಕ್ಕೆ ಇಂಗ್ಲಿಷಿನ ‘ಇ’ (e) ಅಕ್ಷರ ಹಾಕಿದ ರೂಪವು (Aiden) 2010ರಲ್ಲಿ ಅಲ್ಲಿನ ಗಂಡುಮಕ್ಕಳ ಹೆಸರುಗಳಲ್ಲಿ ಒಂಬತ್ತನೆಯದಾಗಿತ್ತು, ಪ್ರಾಸಕ್ಕೆ ಸಿಕ್ಕ ‘ಜೇಡನ್’ ನಾಲ್ಕನೆಯದಾಗಿತ್ತು. ಅಲ್ಲಿನ ಸರ್ಕಾರಿ ಪಟ್ಟಿ ಒಂದೊಂದು ಕಾಗುಣಿತವನ್ನೂ ಬೇರೆ ಹೆಸರೆಂದೇ ಎಣಿಸುವುದರಿಂದ, ಕಿವಿಗೆ ಬೀಳುವ ‘ಏಡನ್’ಗಳ ಸಂಖ್ಯೆ ಇನ್ನೂ ಹೆಚ್ಚು. ಐರ್ಲೆಂಡಿನಲ್ಲಿ ಇಂದಿನ ತಾಯಂದಿರು ಒಲಿದಿರುವುದು ಉಶೀನ್, ರೀಯನ್, ಫಿನ್‌ನಂತಹ ಹೆಸರುಗಳಿಗೆ.

ಪ್ರಶ್ನೆ: ಬೈಬಲಿನ ಈಡನ್ ತೋಟಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಇಲ್ಲ. ಅದು ಹೀಬ್ರೂ.

ಪ್ರಶ್ನೆ: ಐರಿಷ್ ಕುಲನಾಮ ಹ್ಯೂಸ್ ಇದೇ ಮೂಲದ್ದೆಂಬುದು ನಿಜವೇ?

ಉತ್ತರ: ಎಷ್ಟೋ ಮನೆತನಗಳಲ್ಲಿ ನಿಜ. ‘ಆಯ್ಡ್’ ಅನ್ನು ಇಂಗ್ಲಿಷಿಗೆ ತರುವಾಗ ಅರ್ಥದಲ್ಲಾಗಲೀ ಮೂಲದಲ್ಲಾಗಲೀ ಸಂಬಂಧವೇ ಇಲ್ಲದ ಜರ್ಮ್ಯಾನಿಕ್ ಹೆಸರಾದ ‘ಹ್ಯೂ’ವನ್ನು ಅದಕ್ಕೆ ಅಂಟಿಸಿದರು. ಇಂಗ್ಲಿಷರ ವಿರುದ್ಧ ಯುದ್ಧ ಮಾಡಿ, 1616ರಲ್ಲಿ ರೋಮ್‌ನಲ್ಲಿ ತೀರಿಕೊಂಡ ಹ್ಯೂ ಓನೀಲ್ ಕೂಡ ತನ್ನ ಭಾಷೆಯಲ್ಲಿ ‘ಆಯ್ಡ್’ನೇ. ಮಗೀ, ಮೆಕೇ, ಹೇಯ್ಸ್ ಎಂಬ ಕುಲನಾಮಗಳಲ್ಲಿಯೂ ಇದೇ ಹೆಸರು ಅಡಗಿದೆ.

ಪ್ರಶ್ನೆ: ಇಂಗ್ಲಿಷ್ ಬರಹದಲ್ಲಿ ‘ಡಿ’ಯ ಮುಂದೆ ಒಂದು ‘ಹೆಚ್’ ಸೇರಿಸಿದರೆ ಮಗುವಿಗೆ ಶುಭವೆಂದು ಸಂಖ್ಯಾಶಾಸ್ತ್ರಜ್ಞರೊಬ್ಬರು ಹೇಳಿದ್ದಾರೆ. ಸೇರಿಸಬಹುದೇ?

ಉತ್ತರ: ಐರಿಷ್ ಬರಹದ ‘ಆಯ್ಡಾನ್’ನಲ್ಲಿ (Aodhán) ಆ ‘ಹೆಚ್’ ಈಗಾಗಲೇ ಇದೆ. ವ್ಯಂಜನ ಮೆದುವಾಗಿದೆ ಎಂದು ತೋರಿಸಲು ಐರಿಷ್ ಲಿಪಿಯಲ್ಲಿ ಅಕ್ಷರದ ನೆತ್ತಿಯ ಮೇಲೆ ಇಡುತ್ತಿದ್ದ ಚುಕ್ಕಿಯ ಬದಲಿಗೆ ರೋಮನ್ ಅಚ್ಚಿನಲ್ಲಿ ಬಂದು ಕುಳಿತ ಅಕ್ಷರವದು. ಶುಭಾಶುಭಗಳಿಗೂ ಅದಕ್ಕೂ ಸಂಬಂಧವಿಲ್ಲ. ಬೇಕಿದ್ದರೆ ಐರಿಷ್ ಕಾಗುಣಿತವನ್ನೇ ಪೂರ್ತಿಯಾಗಿ ಇಟ್ಟುಕೊಳ್ಳಿ, ಆ ಮನುಷ್ಯನಿಗೆ ಹಣವನ್ನಂತೂ ಕೊಡಬೇಡಿ.

ಪ್ರಶ್ನೆ: ಕನ್ನಡದಲ್ಲಿ ‘ಐಡನ್’ ಎಂದು ಬರೆಯಬಹುದೇ?

ಉತ್ತರ: ಬೇಡ, ‘ಏಡನ್’ ಎಂದೇ ಬರೆಯಿರಿ.