ಹೆಡ್‌ಮಾಸ್ತರಿಗೆ ಹೇಳಲೇಬೇಕಾ?

ಸರ್, ಗದಗದಲ್ಲಿ ಹೈಸ್ಕೂಲ್ ಮಾಸ್ತರು, ಎಚ್‌ಐವಿ ಇದೆ ಅಂತ ಈಗ ಗೊತ್ತಾಗಿದೆ, ಹೆಡ್‌ಮಾಸ್ತರಿಗೆ ಹೇಳಲೇಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಬರೀ ಸೋಂಕಿದೆ ಅಂತ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ, ಖಾಸಗಿ ಶಾಲೆಯಾದರೂ ಅಷ್ಟೇ.

ಸ್ಟಾಫ್‌ರೂಮಿನ ಕಥೆ ಬೇರೆ ಬಿಡಿ. ಒಬ್ಬರ ಕಿವಿಗೆ ಬಿದ್ದರೆ ಸಾಕು, ಮಧ್ಯಾಹ್ನ ಊಟಕ್ಕೆ ಕೂತಾಗ ಪಕ್ಕದ ಕುರ್ಚಿ ಖಾಲಿ. ಚಾಕ್‌ಪೀಸು, ಮಕ್ಕಳ ನೋಟ್‌ಬುಕ್ಕು, ಹಂಚಿಕೊಂಡು ತಿನ್ನುವ ರೊಟ್ಟಿ, ಯಾವುದರಿಂದಲೂ ಹರಡಲ್ಲ ಅಂತ ವಿಜ್ಞಾನದ ಮಾಸ್ತರಿಗೂ ಹೇಳಿಕೊಡಬೇಕಾಗುತ್ತೆ! ಹಾಗಾಗಿ ಸುಮ್ನೆ ಇರೋದೇ ವಾಸಿ ಅಂತ ನನ್ನ ಅಭಿಪ್ರಾಯ.

ಗುಳಿಗೆ ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿಗೆ ಔಷಧಿ ಕೊಡುವ ಸರ್ಕಾರಿ ಕೇಂದ್ರದಲ್ಲಿ, ಪುಕ್ಕಟೆ. ಊರಲ್ಲಿ ಪರಿಚಯದವರು ನೋಡ್ತಾರೆ ಅನ್ನಿಸಿದರೆ ಹುಬ್ಬಳ್ಳಿ ಕಿಮ್ಸ್ ಆಸ್ಪತ್ರೆಯಲ್ಲೂ (ಈಗ ಹೆಸರು ಕೆಎಂಸಿಆರ್‌ಐ) ಕೇಂದ್ರ ಇದೆ. ಈಗ ಹೆಚ್ಚಿನವರಿಗೆ ದಿನಕ್ಕೊಂದೇ ಗುಳಿಗೆ. ತಪ್ಪಿಸದೆ ತಗೊಳ್ಳಿ, ಪಾಠಕ್ಕೆ ತೊಂದರೆ ಆಗಲ್ಲ. ಇನ್ನೇನಾದರೂ ಕೇಳೋದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ.