ಜರ್ಮನ್ ಕಲಿಯುವವರು ವಿಶ್ವ ಸುದ್ದಿಗೆ ಪ್ರತಿಕ್ರಿಯೆ ಬರೆಯೋದು ಹೇಗೆ? ರೆಡಿಮೇಡ್ ವಾಕ್ಯಗಳಿದ್ದರೆ ಕೊಡಿ

ರಾಯಚೂರಿನಲ್ಲಿ ಕೂತು ಜರ್ಮನ್‌ನ ಮೂರನೇ ಹಂತ ಬಿ1 ಓದ್ತಿದ್ದೀರಿ, ಟೀಚರ್ ದಿನಾ ಒಂದು ವಿಶ್ವ ಸುದ್ದಿಗೆ ಐದು ವಾಕ್ಯ ಬರೆಸ್ತಾರೆ, ರಾಯಚೂರಿಗೂ ವಿಶ್ವ ಸುದ್ದಿಗೂ ಏನು ಸಂಬಂಧ ಅಂತೀರಿ, ನಿಮಗೆ ಯಾವ ಸುದ್ದಿ ಓದಿದರೂ ಏನೂ ಅನ್ನಿಸೋದಿಲ್ಲ, ಎಲ್ಲದಕ್ಕೂ ಹೊಂದುವ ನಾಲ್ಕು ವಾಕ್ಯ ಸಿಕ್ಕರೆ ಬಾಯಿಪಾಠ ಮಾಡಿ ಉಳಿದ ಹೊತ್ತು ಗ್ರಾಮರ್‌ಗೆ ಕೊಡ್ತೀರಿ. ಇಷ್ಟೇ ಅಲ್ಲವಾ ಪ್ರಶ್ನೆ? ಆ ನಾಲ್ಕು ವಾಕ್ಯ ನನ್ನ ಹತ್ತಿರ ಇದ್ದವು. ನನ್ನ ಒಂದು ವರ್ಷ ತಿಂದಿದ್ದು ಅವೇ. ಅದಕ್ಕೇ ಕೊಡೋದಿಲ್ಲ.

ನಾನು ಕೊಪ್ಪಳ ಜಿಲ್ಲೆ ಕಾರಟಗಿಯವಳು. ಬಳ್ಳಾರಿಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಅಲ್ಲೇ ಡ್ಯೂಟಿ ಮಾಡ್ತಾ 2022ರಲ್ಲಿ ಆನ್‌ಲೈನ್‌ನಲ್ಲಿ ಜರ್ಮನ್ ಶುರು ಮಾಡಿದೆ. ನಮ್ಮ ಮೇಡಂ ಕೂಡ ನಿಮ್ಮ ಟೀಚರ್ ಥರಾನೇ. ಜರ್ಮನಿಯ ಸುದ್ದಿ ಸಂಸ್ಥೆ ಡಾಯ್ಚ ವೆಲೆಯವರು ಕಲಿಯುವವರಿಗೋಸ್ಕರ ನಿಧಾನವಾಗಿ ಓದುವ ಸುದ್ದಿ ಹಾಕ್ತಾರಲ್ಲ, ಅದನ್ನ ಕೇಳಿ, ಕೆಳಗಿರುವ ಪಠ್ಯ ಓದಿ, ರಾತ್ರಿ ಹತ್ತರೊಳಗೆ ಐದು ವಾಕ್ಯ ಕಳಿಸಬೇಕು. 2023ರ ಫೆಬ್ರವರಿ 6ಕ್ಕೆ ಟರ್ಕಿ ಮತ್ತು ಸಿರಿಯಾದಲ್ಲಿ ಭೂಕಂಪ ಆಯ್ತು, 7.8 ತೀವ್ರತೆ. ಅವತ್ತು ನಾನು ನಿಘಂಟು ತಡಕಾಡಿ ಒಂದು ಪ್ಯಾರಾ ಕಟ್ಟಿದೆ. 'ಇಷ್ ಬಿನ್ ಟ್ಸು-ಟೀಫ್‌ಸ್ಟ್ ಎರ್‌ಶ್ಯೂಟರ್ಟ್', ನಾನು ಆಳವಾಗಿ ಕಂಪಿಸಿಹೋಗಿದ್ದೇನೆ. 'ಮೈನ ಗೆಡಾಂಕನ್ ಝಿಂಡ್ ಬೈ ಡೆನ್ ಓಪ್ಫರ್ನ್', ನನ್ನ ಮನಸ್ಸು ಸಂತ್ರಸ್ತರ ಜೊತೆಗಿದೆ. ಮೇಡಂ ಕೆಂಪು ಅಕ್ಷರದಲ್ಲಿ 'ಝೇರ್ ಗೂಟ್' ಅಂತ ಬರೆದು ಕಳಿಸಿದರು. ತುಂಬಾ ಚೆನ್ನಾಗಿದೆ ಅಂತ.

ಅಲ್ಲಿಂದ ನನ್ನ ಕೆಲಸ ಸುಲಭ ಆಯ್ತು. ಪ್ರವಾಹ ಬಂದರೆ ಅದೇ ಪ್ಯಾರಾ, ರೈಲು ಅಪಘಾತ ಆದರೆ ಅದೇ ಪ್ಯಾರಾ. ದೇಶದ ಹೆಸರು ಬದಲಿಸೋದು, ಸತ್ತವರ ಸಂಖ್ಯೆ ಬದಲಿಸೋದು. ಒಂದೊಂದು ದಿನ ನೈಟ್ ಡ್ಯೂಟಿಯಲ್ಲಿ ಪೇಷಂಟ್ ಡ್ರಿಪ್ ಮುಗಿಯೋದನ್ನ ಕಾಯ್ತಾ ಎರಡು ನಿಮಿಷದಲ್ಲಿ ಬರೆದು ಕಳಿಸಿದ್ದೂ ಇದೆ. ಸುದ್ದಿಯನ್ನ ಪೂರ್ತಿ ಕೇಳಿರ್ತಿರಲಿಲ್ಲ. ಬಿ1 ಪರೀಕ್ಷೆಯೂ ಪಾಸಾಯ್ತು. ಓದು, ಕೇಳು, ಬರೆ, ಮಾತಾಡು ನಾಲ್ಕರಲ್ಲೂ 60ರ ಮೇಲೆ. ಹಾಗಾಗಿ ನನ್ನ ದಾರಿ ಸರಿ ಇದೆ ಅಂತಲೇ ನಂಬಿದ್ದೆ.

ಅದೇ ವರ್ಷ ಜುಲೈ 20ಕ್ಕೆ ಕೇಂದ್ರ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ನಮ್ಮಪ್ಪ ಕಾರಟಗಿಯ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತ. ನುಚ್ಚಕ್ಕಿ ರಫ್ತು ಹಿಂದಿನ ವರ್ಷ ಸೆಪ್ಟೆಂಬರ್‌ನಲ್ಲೇ ನಿಂತಿತ್ತು, ಈಗ ಇದು. ಚೆನ್ನೈ ಪಾರ್ಟಿಗೆ ಹೋಗಬೇಕಿದ್ದ ಸೋನಾ ಮಸೂರಿ ಲೋಡ್ ಆಗಿ, ತಾಡಪತ್ರಿ ಕಟ್ಟಿ, ಲಾರಿ ಮಿಲ್ಲಿನ ಅಂಗಳದಲ್ಲೇ ನಿಂತುಬಿಟ್ಟಿತು. ಡ್ರೈವರ್ ಅಲ್ಲೇ ಲಾರಿ ಕೆಳಗೆ ಚಾಪೆ ಹಾಸಿಕೊಂಡು ಮಲಗ್ತಿದ್ದ. ಪಾರ್ಟಿ ಮಾಲು ಇಳಿಸಿಕೊಳ್ಳಿ ಅಂತಾರೆ, ಮಾಲಕರು ಎರಡು ದಿನ ತಡೀರಿ ಅಂತಾರೆ, ನಡುವೆ ಅಪ್ಪನ ಫೋನು ಬಿಸಿ. ರಾತ್ರಿ ಊಟಕ್ಕೆ ಕೂತರೂ ಎಡಗೈಯಲ್ಲಿ ಫೋನು.

ಅದಾಗಿ ಒಂದು ವಾರಕ್ಕೆ ನನ್ನ ಇಂಟರ್‌ವ್ಯೂ. ಜರ್ಮನಿಯ ಒಂದು ಆಸ್ಪತ್ರೆಯಿಂದ ಇಬ್ಬರು, ವಿಡಿಯೋ ಕಾಲ್. ನೆಟ್‌ವರ್ಕ್ ಚೆನ್ನಾಗಿ ಸಿಗೋದು ನಮ್ಮನೆ ಮುಂದಿನ ಕೋಣೆಯಲ್ಲಿ. ಅಪ್ಪ ಬಾಗಿಲ ಆಚೆ ನಿಂತು ಮಿಲ್ಲಿನವರ ಜೊತೆ ಜೋರಾಗಿ ಮಾತಾಡ್ತಿದ್ದ. ನಾನು ಎದ್ದು ಹೋಗಿ, "ಅಪ್ಪಾ, ಒಂಚೂರು ಹೊರಗ ಹೋಗಿ ಮಾತಾಡು, ನಂದು ಇಂಟರ್‌ವ್ಯೂ ಐತಿ" ಅಂದೆ. "ಆತವ್ವ, ಆತು" ಅಂತ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋದ.

ಕೆಲಸದ ಪ್ರಶ್ನೆಗಳೆಲ್ಲ ಸರಿಯಾಗೇ ಹೋದವು. ಕೊನೆಗೆ ಅವರಲ್ಲೊಬ್ಬ ಹೆಣ್ಣುಮಗಳು, ವಾರ್ಡಿನ ಮುಖ್ಯಸ್ಥೆ, ಕೇಳಿದರು: ಈಚಿನ ದಿನಗಳಲ್ಲಿ ಯಾವ ಸುದ್ದಿ ನಿಮ್ಮನ್ನ 'ಬೆಶೆಫ್ಟಿಗ್ಟ್' ಮಾಡಿದೆ?

ಇಲ್ಲೇ ನಾನು ತಪ್ಪಿದ್ದು. ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಆಮೇಲೆ ಕೇಳಿದವರೆಲ್ಲ 'ನಿನ್ನ ಜರ್ಮನ್ ಸಾಲಲಿಲ್ಲ' ಅಂದ್ಕೊಂಡರು. ಅದಲ್ಲ. 'ಇಷ್ ಬಿನ್ ಬೆಶೆಫ್ಟಿಗ್ಟ್' ಅಂದರೆ ನಾನು ಬಿಜಿ ಇದ್ದೀನಿ ಅಂತ ಮೊದಮೊದಲೇ ಕಲಿಸ್ತಾರೆ. ಆದರೆ ಒಂದು ವಿಷಯ ನನ್ನನ್ನ 'ಬೆಶೆಫ್ಟಿಗ್ಟ್' ಮಾಡಿದೆ ಅಂದರೆ ಬೇರೆ ಅರ್ಥ: ಅದು ನನ್ನ ತಲೆಯಲ್ಲಿ ಕೊರೀತಿದೆ, ಕೆಲಸದ ನಡುವೆಯೂ ಅದೇ ನೆನಪಾಗ್ತಿದೆ. ಅವರು ಕೇಳಿದ್ದು ನಿನ್ನ ತಲೆ ತಿಂತಿರುವ ಸುದ್ದಿ ಯಾವುದು ಅಂತ. ನನ್ನ ಕಿವಿಗೆ ಬಿದ್ದಿದ್ದು 'ಸುದ್ದಿ' ಅನ್ನೋ ಒಂದೇ ಪದ. ಅದು ಬಿದ್ದದ್ದೇ ತಡ, ಪ್ಯಾರಾ ಬಾಯಿಗೆ ಬಂದುಬಿಟ್ಟಿತು. ಅರ್ಥ ಗೊತ್ತಿಲ್ಲದಿದ್ದರೆ ಇನ್ನೊಂದು ಸಲ ಕೇಳಬಹುದಿತ್ತು. ಕೇಳಲಿಲ್ಲ, ಯಾಕಂದ್ರೆ ರೆಡಿ ಉತ್ತರ ಇರುವವರಿಗೆ ಪ್ರಶ್ನೆ ಪೂರ್ತಿ ಕೇಳಬೇಕು ಅಂತ ಅನ್ನಿಸೋದೇ ಇಲ್ಲ. ಬಾಯಿಪಾಠದ ವಾಕ್ಯ ಹಾಳು ಮಾಡೋದು ನಾಲಿಗೆಯನ್ನಲ್ಲ, ಕಿವಿಯನ್ನ. ಹೀಗೆ ಜುಲೈ ತಿಂಗಳಲ್ಲಿ ಕೂತು ಫೆಬ್ರವರಿಯ ಭೂಕಂಪಕ್ಕೆ 'ಆಳವಾಗಿ ಕಂಪಿಸಿಹೋಗಿದ್ದೇನೆ' ಅಂದೆ. ಒಂದು ತಪ್ಪಿಲ್ಲದೆ ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಯಾಕೆ ಇದೇ ಸುದ್ದಿ, ಯಾವ ಊರಿನ ಬಗ್ಗೆ ಓದಿದಿರಿ ಅಂತ ಕೇಳಿದರು. ಗಾಜಿಯಾಂಟೆಪ್, ಹಟಾಯ್ ಪ್ರಾಂತ್ಯದ ಅಂತಾಕ್ಯ... ಒಟ್ಟು ಐವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತ ಆ ಭೂಕಂಪದ ಊರುಗಳವು. ಇವತ್ತು ಹೇಳಬಲ್ಲೆ. ಅವತ್ತು ಒಂದು ಹೆಸರೂ ಬಾಯಿಗೆ ಬರಲಿಲ್ಲ. ಪ್ಯಾರಾ ಮುಗಿದುಹೋಗಿತ್ತು, ಈಗ ನನ್ನದೇ ಮಾತು ಬೇಕಿತ್ತು. ನಾನಂದೆ: 'ಯಾ, ಎಸ್ ಇಸ್ಟ್ ಶಾಡೆ.' ಪಿಕ್ನಿಕ್ ದಿನ ಮಳೆ ಬಂದರೆ, ಬಸ್ ತಪ್ಪಿದರೆ ಜರ್ಮನರು 'ಶಾಡೆ' ಅಂತಾರೆ. ನಮ್ಮ 'ಛೇ, ತಪ್ಪಿಹೋಯ್ತಲ್ಲ' ಇದ್ದ ಹಾಗೆ. ಸಾವಿಗೆ ಯಾರೂ ಹಾಗನ್ನೋದಿಲ್ಲ. ನಮ್ಮಲ್ಲಿ ಮಣ್ಣಿಗೆ ಹೋದ ಮನೆಯಲ್ಲಿ ನಿಂತು 'ಛೇ' ಅಂದು ವಾಪಸ್ ಬಂದರೆ ಹೇಗಿರುತ್ತೆ, ಹಾಗೆ.

ಪರದೆಯ ಕೆಳಗೆ ಬರೆದಿದ್ದ ಆ ಹೆಣ್ಣುಮಗಳ ಅಡ್ಡಹೆಸರು (ಸರ್‌ನೇಮ್) ಟರ್ಕಿಯದು ಅಂತ ನಾನು ಗಮನಿಸಿದ್ದು ಕಾಲ್ ಮುಗಿಯುವ ಹೊತ್ತಿಗೆ. 1961ರ ಒಪ್ಪಂದದ ನಂತರ ಟರ್ಕಿಯಿಂದ ಲಕ್ಷಾಂತರ ಜನ ಕೆಲಸ ಹುಡುಕಿಕೊಂಡು ಜರ್ಮನಿಗೆ ಹೋಗಿ ಅಲ್ಲೇ ನೆಲೆಸಿದ್ದಾರೆ, ನಾನು ಹೊರಟಿದ್ದೂ ಹಾಗೆಯೇ ಅಲ್ಲವಾ? ಅವರಿಗೆ ಆ ಊರುಗಳಲ್ಲಿ ಬಂಧು ಬಳಗ ಇದ್ದರೋ ಇಲ್ಲವೋ, ಕೇಳುವ ಅವಕಾಶ ನನಗೆ ಸಿಗಲಿಲ್ಲ. ನಾಲ್ಕು ದಿನಕ್ಕೆ ಮೇಲ್ ಬಂತು: ಮಾತುಕತೆಯ ಮಟ್ಟ ಸುಧಾರಿಸಿದ ಮೇಲೆ ಮತ್ತೆ ಪ್ರಯತ್ನಿಸಿ. ನನ್ನ ಜೊತೆಯವರು ಮುಂದಿನ ವರ್ಷ ವಿಮಾನ ಹತ್ತಿದರು. ಕ್ಲಾಸಿಗೆ ಅಂತ ಅಪ್ಪ ಮಾಡಿದ ಕೈಗಡ ಹಾಗೇ ಉಳಿಯಿತು.

ಮೇಡಂಗೆ ಫೋನ್ ಮಾಡಿ ಅತ್ತೆ. ಅವರು ಸಮಾಧಾನ ಹೇಳಲಿಲ್ಲ. "ಆ ವಾರ ನಿಮ್ಮನೇಲಿ ಯಾರಿಗೆ ನಿದ್ದೆ ಬಂದಿರಲಿಲ್ಲ, ಯಾಕೆ?" ಅಂತ ಕೇಳಿದರು. ಅಪ್ಪನ ಲಾರಿ ವಿಷಯ ಹೇಳಿದೆ. "ಅದನ್ಯಾಕೆ ಹೇಳಲಿಲ್ಲ?" ಅಂದರು. ಅದು ನಮ್ಮ ಮಿಲ್ಲಿನ ವಿಷಯ, ವಿಶ್ವ ಸುದ್ದಿ ಅಲ್ಲವಲ್ಲ ಅಂದೆ. ಆಗ ಜಗತ್ತಿನ ಅಕ್ಕಿ ರಫ್ತಿನಲ್ಲಿ 40 ಪರ್ಸೆಂಟಿಗಿಂತ ಹೆಚ್ಚು ಭಾರತದ್ದೇ ಆಗಿತ್ತು. ಆ ನಿಷೇಧದ ಸುದ್ದಿ ಡಾಯ್ಚ ವೆಲೆಯಲ್ಲೂ ಇತ್ತು, ಅಮೆರಿಕದ ಇಂಡಿಯನ್ ಅಂಗಡಿಗಳಲ್ಲಿ ನಮ್ಮವರು ಸೋನಾ ಮಸೂರಿ ಚೀಲಕ್ಕೆ ಮುಗಿಬಿದ್ದಿದ್ದರು. ವಿಶ್ವ ಸುದ್ದಿ ನನ್ನ ಬಾಗಿಲ ಆಚೆ ನಿಂತು ಜೋರಾಗಿ ಮಾತಾಡ್ತಿತ್ತು. ನಾನೇ ಅದನ್ನ ಬೀದಿಗೆ ಕಳಿಸಿದ್ದೆ.

ಅವತ್ತು ರಾತ್ರಿ ಬರೆದದ್ದು ಮೂರೇ ವಾಕ್ಯ. 'ಮೈನ್ ಫಾಟರ್ ಆರ್ಬೈಟೆಟ್ ಇನ್ ಐನರ್ ರೈಸ್‌ಮ್ಯೂಲೆ. ಐನ್ ಎಲ್‌ಕಾವೇ ಶ್ಟೇಟ್ ಇಮ್ ಹೋಫ್. ಎರ್ ಶ್ಲೇಫ್ಟ್ ನಿಷ್ಟ್.' ಅಪ್ಪ ರೈಸ್ ಮಿಲ್ಲಿನಲ್ಲಿ ಕೆಲಸ ಮಾಡ್ತಾನೆ, ಅಂಗಳದಲ್ಲಿ ಲಾರಿ ನಿಂತಿದೆ, ಅಪ್ಪ ನಿದ್ದೆ ಮಾಡ್ತಿಲ್ಲ. ಎಲ್ಲಾ ಮೊದಲ ತಿಂಗಳಲ್ಲಿ ಕಲಿತ ಪದಗಳು. ಮೇಡಂ ಈ ಸಲ 'ಝೇರ್ ಗೂಟ್' ಬರೆಯಲಿಲ್ಲ, ಮೂರು ಪ್ರಶ್ನೆ ಬರೆದರು: ಲಾರಿಯಲ್ಲಿ ಎಷ್ಟು ಚೀಲ? ಮಾಲು ಯಾರದು? ನಷ್ಟ ಯಾರ ಮೇಲೆ? ಉತ್ತರ ಗೊತ್ತಿರಲಿಲ್ಲ, ಅಪ್ಪನನ್ನ ಕೇಳಬೇಕಾಯ್ತು. ನನ್ನ ಓದಿನ ವಿಷಯವಾಗಿ ಅಪ್ಪನ ಜೊತೆ ಒಂದು ತಾಸು ಕೂತು ಮಾತಾಡಿದ್ದು ಅದೇ ಮೊದಲು.

ಅದಕ್ಕೇ 'ರಾಯಚೂರಿಗೂ ವಿಶ್ವ ಸುದ್ದಿಗೂ ಏನು ಸಂಬಂಧ' ಅಂತ ನೀವು ಬರೆದದ್ದನ್ನ ನಾನು ಒಪ್ಪೋದಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ 50 ಪರ್ಸೆಂಟ್ ಸುಂಕ ಹಾಕಿದಾಗ, ಗಾರ್ಮೆಂಟ್ಸ್‌ನವರಿಗೆ ಹತ್ತಿ ಅಗ್ಗಕ್ಕೆ ಸಿಗಲಿ ಅಂತ ಕೇಂದ್ರ ಸರ್ಕಾರ ಹತ್ತಿಯ 11 ಪರ್ಸೆಂಟ್ ಆಮದು ಸುಂಕವನ್ನ ಡಿಸೆಂಬರ್ ಕೊನೆಯ ತನಕ ತೆಗೆದುಹಾಕಿತು. ನಿಮ್ಮ ಎಪಿಎಂಸಿಗೆ ಹತ್ತಿ ತರುವ ರೈತರನ್ನ ಒಂದು ದಿನ ನಿಂತು ಮಾತಾಡಿಸಿ ನೋಡಿ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಜರ್ಮನಿಯ ಅಂಗಡಿಗಳಲ್ಲಿ ಸೂರ್ಯಕಾಂತಿ ಎಣ್ಣೆ ಖಾಲಿ. ತಲೆಗೆ ಇಷ್ಟೇ ಬಾಟಲಿ ಅಂತ ಚೀಟಿ ಅಂಟಿಸಿದ್ದರು. ಆಗ ನಮ್ಮವ್ವ ಕೂಡ ಎಣ್ಣೆ ಪ್ಯಾಕೆಟ್ ರೇಟು ನೋಡಿ ಮಿರ್ಚಿ ಮಾಡೋದು ಬಿಟ್ಟಿದ್ದಳು. ಸೂರ್ಯಪಾನ (ಸೂರ್ಯಕಾಂತಿ) ಬೆಳೆಯುವ ಸೀಮೆ ನಮ್ಮದು, ಎಣ್ಣೆ ಮಾತ್ರ ಹೆಚ್ಚಾಗಿ ಉಕ್ರೇನಿನಿಂದ ಬರ್ತಿತ್ತು. ಜರ್ಮನಿಯವರು ಮಾಡಿದ ಹಾಗೆ ಹೆದರಿ ತುಂಬಿಟ್ಟುಕೊಳ್ಳೋದಕ್ಕೆ ಜರ್ಮನ್‌ನಲ್ಲಿ 'ಹಾಮ್‌ಸ್ಟರ್ನ್' ಅಂತಾರೆ. ಕೆನ್ನೆಯಲ್ಲಿ ಕಾಳು ತುಂಬಿಕೊಂಡು ಬಿಲಕ್ಕೆ ಒಯ್ಯುವ ಇಲಿಜಾತಿಯ ಪ್ರಾಣಿ 'ಹಾಮ್‌ಸ್ಟರ್' ಹೆಸರಿನಿಂದ ಬಂದ ಪದ ಅದು. ಭತ್ತ ಕೊಯ್ದ ಮೇಲೆ ಇಲಿ ಬಿಲ ಅಗೆದು ತೆನೆ ತೆಗೆಯೋದನ್ನ ನೋಡಿದ ನಮಗೆ ಆ ಪದ ಮರೆಯೋಕೆ ಸಾಧ್ಯವಾ?

ಎಲ್ಲಾ ಸುದ್ದಿಯನ್ನೂ ಎಳೆದು ನಮ್ಮ ಮನೆಗೇ ತರಬೇಕು ಅಂತಲೂ ಅಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಲಿಬಿಯಾದ ಡೆರ್ನಾದಲ್ಲಿ ಚಂಡಮಾರುತದ ಮಳೆಗೆ ಎರಡು ಅಣೆಕಟ್ಟು ಒಡೆದು ಒಂದೇ ರಾತ್ರಿಯಲ್ಲಿ ಸಾವಿರಾರು ಜನ ಕೊಚ್ಚಿಹೋದರು. ಅವತ್ತು ಎರಡು ಸಲ ಕೇಳಿದೆ, ಬರೆಯೋಕೆ ಆಗಲಿಲ್ಲ. ಅಪ್ಪನನ್ನ ಕೇಳಿದೆ, ನಮ್ಮ ತುಂಗಭದ್ರಾ ಡ್ಯಾಮ್ ಹಂಗಾದ್ರ? "ನೀರು ಹೊಳಿ ಹಾದಿ ಹಿಡೀತೈತಿ, ನಮ್ಮೂರಿಗೆ ಬರೂದಿಲ್ಲ. ಆದ್ರ ಕಾಲುವಿಗೆ ನೀರು ಎಲ್ಲಿಂದ ಬರಬೇಕು?" ಅಂದ. ಆ ಮಾತನ್ನೇ ಜರ್ಮನ್‌ನಲ್ಲಿ ಬರೆದು, ಕೆಳಗೆ 'ಡೆರ್ನಾದ ಬಗ್ಗೆ ನನಗೆ ಗೊತ್ತಿರೋದು ತೀರಾ ಕಡಿಮೆ' ಅಂತ ಸೇರಿಸಿದೆ. ಅದೂ ಪ್ರತಿಕ್ರಿಯೆಯೇ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋದು ಕಂಪಿಸಿಹೋಗಿದ್ದೇನೆ ಅನ್ನೋದಕ್ಕಿಂತ ಸಾವಿರ ಪಾಲು ಮರ್ಯಾದೆಯ ಮಾತು. ಮುಂದಿನ ವರ್ಷ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ, ಒಂದು ವಾರ ಹರಿದುಹೋಗುವ ನೀರನ್ನ ನೋಡ್ತಾ ನಮ್ಮ ಸೀಮೆ ಪೂರ್ತಿ ಕೂತಿತ್ತಲ್ಲ, ಆಗ ನನಗೆ ಡೆರ್ನಾ ನೆನಪಾಯ್ತು. ಕೊನೆಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ತಡೆ ಇಳಿಸಿ ನಿಲ್ಲಿಸಿದ ದಿನ ನಾನು ಎರಡು ಪುಟ ಬರೆದೆ. ಯಾರೂ ಕೇಳಿರಲಿಲ್ಲ, ಕ್ಲಾಸೂ ಮುಗಿದಿತ್ತು.

ಅಷ್ಟು ಹೊತ್ತಿಗೆ, 2024ರ ಜೂನ್‌ನಲ್ಲಿ, ನನ್ನ ಎರಡನೇ ಇಂಟರ್‌ವ್ಯೂ ಆಗಿ ಆಯ್ಕೆ ಆಗಿತ್ತು. ಬೇರೆ ಆಸ್ಪತ್ರೆ. ಅಲ್ಲಿ ಯಾರೂ ಸುದ್ದಿ ಕೇಳಲಿಲ್ಲ, ಅಪ್ಪ ಏನು ಮಾಡ್ತಾರೆ ಅಂತ ಕೇಳಿದರು. ಅದರ ಮೇಲೆ ಹತ್ತು ನಿಮಿಷ ಮಾತಾಡಿದೆ.

ಇನ್ನು ಗ್ರಾಮರ್. ಸುದ್ದಿ ಬಿಟ್ಟು ಗ್ರಾಮರ್ ಮಾಡ್ತೀನಿ ಅನ್ನೋದು ತಪ್ಪು ಲೆಕ್ಕ. ನಿಮಗೆ 'ವೈಲ್', ಅಂದರೆ 'ಯಾಕಂದ್ರೆ', ಬಂದಾಗ ಕ್ರಿಯಾಪದ ಕೊನೆಗೆ ಹೋಗೋದು ತಲೆನೋವು ಅಂತ ಬರೆದಿದ್ದೀರಿ. ಕನ್ನಡದವರಿಗೆ ಅದು ತಲೆನೋವು ಆಗಲೇಬಾರದು. 'ವೈಲ್ ಮೈನ್ ಫಾಟರ್ ಇನ್ ಐನರ್ ರೈಸ್‌ಮ್ಯೂಲೆ ಆರ್ಬೈಟೆಟ್', 'ಅಪ್ಪ ರೈಸ್ ಮಿಲ್ಲಿನಲ್ಲಿ ಕೆಲಸ ಮಾಡೋದರಿಂದ'. ಅಪ್ಪ ಮೊದಲು, ಮಿಲ್ಲು ನಡುವೆ, ಕೆಲಸ ಕೊನೆಗೆ, ಎರಡೂ ಒಂದೇ ಸಾಲು. ನಿಮ್ಮ ಅನ್ನಿಸಿಕೆಗೆ 'ಯಾಕಂದ್ರೆ' ಇದ್ದರೆ ಈ ವಾಕ್ಯ ತಾನಾಗೇ ಬೀಳುತ್ತೆ. ಬಾಯಿಪಾಠದ ಪ್ಯಾರಾದಲ್ಲಿ 'ಯಾಕಂದ್ರೆ' ಇರೋದೇ ಇಲ್ಲ, ಬೇಕಾದರೆ ನಿಮ್ಮ ನೋಟ್ ಪುಸ್ತಕ ತೆಗೆದು ನೋಡಿ.

ಇವತ್ತು ರಾತ್ರಿಯ ಐದು ವಾಕ್ಯಕ್ಕೆ ಹತ್ತಿಯಿಂದಲೇ ಶುರು ಮಾಡಿ. ಜರ್ಮನ್‌ನಲ್ಲಿ ಹತ್ತಿಗೆ 'ಬೌಮ್‌ವೋಲೆ' ಅಂತಾರೆ. 'ಬೌಮ್' ಅಂದರೆ ಮರ, 'ವೋಲೆ' ಅಂದರೆ ಉಣ್ಣೆ. ಕುರಿಯ ಉಣ್ಣೆ ಮಾತ್ರ ಗೊತ್ತಿದ್ದವರು ಗಿಡದಲ್ಲಿ ಬಿಡುವ ಉಣ್ಣೆಗೆ ಇಟ್ಟ ಹೆಸರದು. ಮೊದಲು ನಿಮ್ಮ ಬೀದಿಯಲ್ಲಿ ಹತ್ತಿ ಬೆಳೆಯುವವರ ಮನೆ ಯಾವುದು ನೋಡಿ, ಈ ಸಲ ಕ್ವಿಂಟಲಿಗೆ ಎಷ್ಟು ಸಿಕ್ಕಿತು ಕೇಳಿ, ಅವರು ಹೇಳಿದ್ದನ್ನ ಅವರ ಮಾತಲ್ಲೇ ಕನ್ನಡದಲ್ಲಿ ಬರೆದುಕೊಳ್ಳಿ. ಜರ್ಮನ್ ಆಮೇಲೆ.