ಶವ ಸಿಗದ ಸಾವು: ಧಾರಾವಾಹಿಯ ಪಾತ್ರಕ್ಕಾಗಿ ನಿದ್ದೆಗೆಟ್ಟವರ ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಹೆಸರು, ಉದ್ಯೋಗ, ಮನೆಯ ವಿವರಗಳ ಜೊತೆಗೆ ಧಾರಾವಾಹಿಯ ಕಥೆಯನ್ನೂ ಬದಲಿಸಿದ್ದೇನೆ.)

ರಾಯರು ಎಂದು ಕರೆಯೋಣ. ಅರವತ್ತು ದಾಟಿದವರು, ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಆಪ್ತಸಲಹೆಗೆಂದು ನನ್ನ ಬಳಿ ಕರೆದುಕೊಂಡು ಬಂದದ್ದು ಮಗಳು. "ಮೇಡಂ, ಸೀರಿಯಲ್‌ನಲ್ಲಿ ಯಾರೋ ಸತ್ತರು ಅಂತ ಅಪ್ಪ ನಿದ್ದೆ ಬಿಟ್ಟಿದ್ದಾರೆ. ಹೊರಗೆ ಹೇಳಿದ್ರೆ ಜನ ನಗ್ತಾರೆ" ಎಂದಳು. ರಾಯರು ತಲೆ ತಗ್ಗಿಸಿ ಕೂತಿದ್ದರು. ಮಗಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದೆ.

ಅವರು ವರ್ಷಗಳಿಂದ ತಪ್ಪದೆ ನೋಡುತ್ತಿದ್ದ ಧಾರಾವಾಹಿಯಲ್ಲಿ ಕೂಡುಕುಟುಂಬದ ಹಿರಿಯಣ್ಣನೊಬ್ಬನಿದ್ದ. ಮನೆಯಲ್ಲಿ ಜಗಳವಾದರೆ ಎಲ್ಲರ ಮಾತೂ ಮುಗಿಯುವವರೆಗೆ ಸುಮ್ಮನಿದ್ದು, ಕೊನೆಗೆ ಎರಡು ಮಾತಾಡಿ ಎದ್ದುಹೋಗುವವನು. ಒಂದು ದಿನ ಅವನ ಕಾರು ಸೇತುವೆಯಿಂದ ಹೊಳೆಗೆ ಬಿತ್ತು. ಶವ ಸಿಗಲಿಲ್ಲ. ಮರುದಿನ ಮನೆಗೆ ಫೋನು ಬಂತು, ತಾಯಿ ಕುಸಿದಳು, ಗುಡುಗಿನ ಸದ್ದಿಗೆ ಒಬ್ಬೊಬ್ಬರ ಮುಖವನ್ನೂ ಮೂರು ಮೂರು ಸಲ ತೋರಿಸಿದರು. ಆಮೇಲೆ ಪರದೆಯ ಮೇಲೆ "ಆರು ತಿಂಗಳ ನಂತರ" ಎಂದು ಬಂತು. ಗೋಡೆಯಲ್ಲೊಂದು ಫೋಟೊ, ಅದರ ಕೆಳಗೆ ತಮ್ಮನ ಮದುವೆಯ ಓಡಾಟ. ಅಷ್ಟೇ.

"ಅವನು ಕೂರ್ತಿದ್ದ ಕುರ್ಚಿ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ ಮೇಡಂ" ಎಂದರು ರಾಯರು. ಅವರ ದನಿಯಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು.

ನಿಜವಾಗಿ ನಿದ್ದೆ ಕೆಟ್ಟದ್ದು ಅದಾದ ಕೆಲವು ವಾರಗಳಿಗೆ. ಒಂದು ಪ್ರೋಮೋ ಬಂತು. ಆಸ್ಪತ್ರೆಯ ಹಾಸಿಗೆ, ಬ್ಯಾಂಡೇಜು ಸುತ್ತಿದ ಮುಖ, ಮೆಲ್ಲನೆ ಅಲುಗುವ ಕೈ, ಬೆರಳಲ್ಲಿ ಹಿರಿಯಣ್ಣನ ಉಂಗುರ. ಆ ವಾರವೆಲ್ಲ ಕಾದರೂ ಎಪಿಸೋಡಿನಲ್ಲಿ ಆ ಕೈ ಬರಲೇ ಇಲ್ಲ. ರಾಯರು ಹಾಸಿಗೆಯಲ್ಲಿ ಮೊಬೈಲು ಹಿಡಿದು ಆ ಅರ್ಧ ನಿಮಿಷವನ್ನು ಮತ್ತೆ ಮತ್ತೆ ಹಾಕಿ, ಉಂಗುರ ಅದೇ ಹೌದೋ ಅಲ್ಲವೋ ಎಂದು ನೋಡತೊಡಗಿದರು.

ಇಂಥವರು ಬಂದಾಗ ಕೇಳಲೇಬೇಕಾದ ಪ್ರಶ್ನೆಯೊಂದಿದೆ, ಕೇಳಿದೆ: ಈ ಅಳು ಬೇರೆ ಯಾರದೋ ಸಾವಿನದೇ? ರಾಯರು ಯೋಚಿಸಿಯೇ ಉತ್ತರಿಸಿದರು. "ನಮ್ಮಣ್ಣ ಹೋದಾಗ ಮುಂದೆ ನಿಂತು ಎಲ್ಲಾ ಮಾಡಿದ್ದೀನಿ. ಅತ್ತಿದ್ದೀನಿ. ಅದು ಮುಗೀತು. ಇದು ಬೇರೆ." ನಾನು ಅದನ್ನು ಕೆದಕಲಿಲ್ಲ. ಪಾತ್ರಕ್ಕಾಗಿ ಅಳುವವರ ಹಿಂದೆ ಯಾವಾಗಲೂ ಅಡಗಿಸಿಟ್ಟ ಇನ್ನೊಂದು ದುಃಖ ಇರಲೇಬೇಕು ಎಂದು ಹುಡುಕುವುದು ನಮ್ಮ ವೃತ್ತಿಯ ಒಂದು ಚಟ. ಕೆಲವೊಮ್ಮೆ ಇರುತ್ತದೆ. ಇರಲೇಬೇಕೆಂದಿಲ್ಲ. ಪರದೆಯ ಮೇಲಿನವರೊಡನೆ ನೋಡುಗರಿಗೆ ಬೆಳೆಯುವ ಒಮ್ಮುಖದ ನಂಟಿಗೆ 1956ರಲ್ಲೇ ಸಮಾಜವಿಜ್ಞಾನಿಗಳಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 'ಪ್ಯಾರಾಸೋಷಿಯಲ್' ಎಂಬ ಹೆಸರು ಕೊಟ್ಟರು. ಟಿವಿ ನೋಡುವ ಸಾಮಾನ್ಯ ಜನರ ಬಗ್ಗೆ ಬರೆದದ್ದು ಅದು, ರೋಗಿಗಳ ಬಗ್ಗೆ ಅಲ್ಲ. ವಾರಕ್ಕೆ ಐದಾರು ದಿನ, ಅದೇ ಹೊತ್ತಿಗೆ, ವರ್ಷಗಟ್ಟಲೆ ಮನೆಯೊಳಗೆ ಬರುವವನು ಒಂದು ದಿನ ಬಾರದಿದ್ದರೆ ಮನಸ್ಸಿಗೆ ಕಸಿವಿಸಿಯಾಗುವುದು ಸಹಜ.

ರಾಯರ ವಿಷಯದಲ್ಲಿ ತೊಂದರೆ ಕೊಟ್ಟದ್ದು ಸಾವಲ್ಲ, ಆ ಸಾವನ್ನು ಅರ್ಧಕ್ಕೇ ಬಿಟ್ಟ ರೀತಿ. ಶವ ಸಿಗಲಿಲ್ಲ ಎಂದು ಬರೆಯುವುದು ಕಥೆಗಾರರಿಗೆ ಅನುಕೂಲ: ಕಲಾವಿದ ಮರಳಿದರೆ ಪಾತ್ರವೂ ಬದುಕುತ್ತದೆ, ಇಲ್ಲವಾದರೆ ಬೇರೆ ಮುಖ ತಂದು ಪ್ಲಾಸ್ಟಿಕ್ ಸರ್ಜರಿ ಎಂದರಾಯಿತು. ನೋಡುಗರಿಗೂ ಇದು ಅಭ್ಯಾಸವಾಗಿದೆ. ಅಮೆರಿಕದ 'ಡಲ್ಲಾಸ್' ಧಾರಾವಾಹಿಯಲ್ಲಿ 1985ರಲ್ಲಿ ಸತ್ತ ಬಾಬಿ 1986ರಲ್ಲಿ ಸ್ನಾನದ ಮನೆಯಲ್ಲಿ ಪ್ರತ್ಯಕ್ಷನಾದ; ನಡುವಿನ ಇಡೀ ಸೀಸನ್ ಕನಸು ಎಂದುಬಿಟ್ಟರು. ಹಿಂದಿಯ 'ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ'ಯಲ್ಲಿ ನಾಯಕ ಮಿಹಿರ್ ಸತ್ತಾಗ ನೋಡುಗರು ಎಬ್ಬಿಸಿದ ಗದ್ದಲಕ್ಕೆ ಅವನನ್ನು ಮರಳಿ ಕರೆತಂದರು. ಹೀಗಿರುವಾಗ ರಾಯರು ಉಂಗುರ ನೋಡಿ ಕಾದದ್ದನ್ನು ಭ್ರಮೆ ಎನ್ನುವುದು ಹೇಗೆ? ಕಾಯಲೆಂದೇ ಆ ಪ್ರೋಮೋ ಮಾಡಿದ್ದು.

ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್, ಸತ್ತರೋ ಇದ್ದಾರೋ ತಿಳಿಯದ ಇಂಥ ಸ್ಥಿತಿಯನ್ನು 'ಅಸ್ಪಷ್ಟ ನಷ್ಟ' ಎಂದು ಗುರುತಿಸಿದರು. ಆ ಕುಟುಂಬಗಳ ಸಂಕಟಕ್ಕೂ ಧಾರಾವಾಹಿ ನೋಡುಗರ ಬೇಸರಕ್ಕೂ ಅಜಗಜಾಂತರವಿದೆ, ಅದನ್ನು ರಾಯರಿಗೂ ಹೇಳಿದೆ. ಆದರೆ ಮನಸ್ಸು ಸಿಕ್ಕಿಕೊಳ್ಳುವ ಬಗೆ ಒಂದೇ: ಅಳುವುದೋ ಕಾಯುವುದೋ ತೀರ್ಮಾನವಾಗುವುದಿಲ್ಲ.

ಸಾವನ್ನು ನೇರವಾಗಿ ಹೇಳಿದ ಉದಾಹರಣೆಯೂ ಇದೆ, ಅದೂ ಪುಟ್ಟ ಮಕ್ಕಳ ಕಾರ್ಯಕ್ರಮದಲ್ಲಿ. ಅಮೆರಿಕದ 'ಸೆಸಮಿ ಸ್ಟ್ರೀಟ್'ನ ಅಂಗಡಿಯಾತ ಹೂಪರ್ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರ ಡಿಸೆಂಬರಿನಲ್ಲಿ ತೀರಿಕೊಂಡರು. ಬೇರೊಬ್ಬ ನಟನನ್ನು ತರಲಿಲ್ಲ, ಊರು ಬಿಟ್ಟು ಹೋದರೆಂದೂ ಹೇಳಲಿಲ್ಲ. ತಜ್ಞರನ್ನು ಕೇಳಿ, 1983ರ ನವೆಂಬರಿನ ಒಂದು ಸಂಚಿಕೆಯಲ್ಲಿ ಹೂಪರ್ ಸತ್ತಿದ್ದಾರೆ, ಇನ್ನು ಬರುವುದಿಲ್ಲ ಎಂದೇ ಹೇಳಿದರು. ದೊಡ್ಡ ಹಕ್ಕಿಯ ಪಾತ್ರ ಏಕೆ ಹೀಗಾಗಬೇಕು ಎಂದು ಕೇಳುತ್ತದೆ; ದೊಡ್ಡವರು ಕಣ್ಣೀರಿಡುತ್ತಲೇ ಉತ್ತರಿಸುತ್ತಾರೆ. ಮಕ್ಕಳಿಗೆ ಸಿಕ್ಕಿದ ಈ ಮರ್ಯಾದೆ ರಾಯರಂಥವರಿಗೆ ಸಿಗುವುದಿಲ್ಲವಲ್ಲ ಎಂದು ನನಗೂ ಬೇಸರವಾಗುತ್ತದೆ.

ಸಲಹೆಗೆ ಮೊದಲು ಖಿನ್ನತೆ ಇದೆಯೇ ಎಂದು ನೋಡಿದೆ. ಊಟ ಸರಿಯಾಗಿತ್ತು, ನಡಿಗೆ ತಪ್ಪಿಸಿರಲಿಲ್ಲ, ಮೊಮ್ಮಗನ ಗಣಿತದ ಪಾಠವೂ ನಡೆದಿತ್ತು. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕೇ ಬೇಡ ಎನ್ನುವ ಮಾತು ಬಂದಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಅಂಥದ್ದೇನೂ ಇರಲಿಲ್ಲ.

ಧಾರಾವಾಹಿ ಬಿಡಿ ಎಂದು ನಾನು ಹೇಳಲಿಲ್ಲ. ಪ್ರೋಮೋ ಬಿಡಿ, ಎಪಿಸೋಡನ್ನು ರಾತ್ರಿಯ ಬದಲು ಮರುದಿನ ಹಗಲಲ್ಲಿ ನೋಡಿ, ಮಲಗುವ ಕೋಣೆಗೆ ಮೊಬೈಲು ಬೇಡ ಎಂದೆ. ಇನ್ನೊಂದು, ಅವರಿಗೆ ಮೊದಲು ನಗು ತರಿಸಿದ ಸಲಹೆ: ಧಾರಾವಾಹಿಯವರು ತೋರಿಸದ ದೃಶ್ಯವನ್ನು ನೀವೇ ಬರೆದು ತನ್ನಿ, ಹಿರಿಯಣ್ಣ ಸತ್ತಿದ್ದಾನೆ ಎಂದಿಟ್ಟುಕೊಂಡೇ ಬರೆಯಿರಿ. ಕಥೆಗಾರರು ಮುಂದೆ ಏನು ಮಾಡಿದರೂ ನಿಮ್ಮ ಮಟ್ಟಿಗೆ ಅವನ ಕಥೆ ಎಲ್ಲಿ ಮುಗಿಯಬೇಕೆಂದು ನೀವೇ ತೀರ್ಮಾನಿಸಬಹುದು.

ಮುಂದಿನ ಭೇಟಿಗೆ ಲೆಕ್ಕದ ಪುಸ್ತಕದ ಹಾಳೆಯಲ್ಲಿ ಒತ್ತೊತ್ತಾಗಿ ಬರೆದು ತಂದರು. ಅದರಲ್ಲಿ ಯಾರೂ ಬಿಕ್ಕಿ ಅಳುವುದಿಲ್ಲ. ಮನೆಯಲ್ಲಿ ಮತ್ತೊಂದು ಜಗಳ, ಎಲ್ಲರೂ ಕೂಗಾಡಿ ಸುಸ್ತಾಗುತ್ತಾರೆ, ಕೊನೆಯ ಎರಡು ಮಾತಿಗಾಗಿ ಅಭ್ಯಾಸಬಲದಿಂದ ಕುರ್ಚಿಯ ಕಡೆ ತಿರುಗುತ್ತಾರೆ. ನಿಜ ಹೇಳಬೇಕೆಂದರೆ, ಟಿವಿಯಲ್ಲಿ ಬಂದದ್ದಕ್ಕಿಂತ ಚೆನ್ನಾಗಿತ್ತು. ಅದನ್ನು ಗಟ್ಟಿಯಾಗಿ ಓದಲು ಹೇಳಿದೆ. ಓದುತ್ತಾ ಅತ್ತರು.

ಮನೆಯವರಿಗೆ ಹೇಳಿದ್ದು ಕಡಿಮೆ. "ಅದು ಬರೀ ನಟನೆ" ಎನ್ನಬೇಡಿ. ಅದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಜೊತೆಗೆ ಕೂತು ನೋಡುತ್ತಿದ್ದ ಹೆಂಡತಿ ಎರಡೇ ದಿನದಲ್ಲಿ "ಅವನ ಕಾಂಟ್ರ್ಯಾಕ್ಟ್ ಮುಗಿದಿರತ್ತೆ ಬಿಡಿ" ಎಂದು ಮುಂದೆ ಹೋಗಿದ್ದರು. ಅದನ್ನು ರಾಯರು ಕಲ್ಲು ಮನಸ್ಸು ಎಂದುಕೊಂಡಿದ್ದರು. ಒಂದೇ ಸೋಫಾದಲ್ಲಿ ಕೂತವರು ಒಂದೇ ಅಳತೆಯಲ್ಲಿ ಅಳಬೇಕೆಂಬ ನಿಯಮವಿಲ್ಲ ಎಂದು ಇಬ್ಬರಿಗೂ ಹೇಳಿದೆ.

ನಿದ್ದೆ ನಿಧಾನವಾಗಿ ಹಳಿಗೆ ಬಂತು. ಕೆಲವು ತಿಂಗಳ ನಂತರ ರಾಯರು ಫೋನು ಮಾಡಿದರು: ಹಿರಿಯಣ್ಣ ಹೊಸ ಮುಖದೊಂದಿಗೆ ಮರಳಿದ್ದಾನಂತೆ. ತೊಂದರೆಯಾಯಿತೇ ಎಂದು ಕೇಳಿದೆ. "ಇವನು ಬೇರೆ ಯಾರೋ ಮೇಡಂ, ನೋಡ್ತೀನಿ, ಪರವಾಗಿಲ್ಲ" ಎಂದರು. ಈಗ ಕೋಪ ಬಂದಿರುವುದು ಹೆಂಡತಿಗೆ. ಇದೆಂಥ ಮೋಸ ಎಂದು ಧಾರಾವಾಹಿಯನ್ನೇ ಬಿಟ್ಟಿದ್ದಾರಂತೆ. ಅವರನ್ನೂ ಕರೆತರಲೇ ಎಂದು ರಾಯರು ಕೇಳಿದರು. ಬೇಡ, ಅವರು ಸರಿಯಾಗಿಯೇ ಇದ್ದಾರೆ ಎಂದೆ.